ಅಕ್ಕ ಅಂದಿದ್ದರೆ ಸಾಕಿತ್ತು

ಮತ್ತೋಡಿನ ಪರಮೇಶ್ ಸುಟ್ಟುಹೋದ ಮೋಟರಿಗೆ ತಾಮ್ರದ ತಂತಿ ಸುತ್ತುವುದರಲ್ಲಿ ಎತ್ತಿದ ಕೈ. ಸುತ್ತುವಾಗ ಯಾರು ಕರೆದರೂ ಓಗೊಡುವುದಿಲ್ಲ, ತುಟಿ ಮಾತ್ರ ಅಲ್ಲಾಡುತ್ತಿರುತ್ತದೆ. ಅರವತ್ತೊಂದು, ಅರವತ್ತೆರಡು, ಅರವತ್ಮೂರು. ಒಂದು ಸುತ್ತು ಹೆಚ್ಚುಕಡಿಮೆಯಾದರೂ ಮೋಟರು ಬಿಸಿಯಾಗಿ ಮತ್ತೆ ಸುಡುತ್ತದೆ. ಅನುಮಾನ ಬಂದರೆ ಪೂರ್ತಿ ಬಿಚ್ಚಿ ಮೊದಲಿನಿಂದ ಸುತ್ತುವ ಜಾತಿ ಅವನದು. ಇಷ್ಟು ಜೋಪಾನದ ಮನುಷ್ಯ ತನ್ನ ಬದುಕಿನ ದೊಡ್ಡ ಕಾಗದಕ್ಕೆ ಓದದೆ ಸಹಿ ಹಾಕಿಬಿಟ್ಟ. ಇಂಗ್ಲಿಷ್ ಬರುವುದಿಲ್ಲ ಅಂತಲ್ಲ. ಬೆರಳಿಟ್ಟುಕೊಂಡು ಓದಿದ್ದರೆ ಅವನಿಗೂ ತಿಳಿಯುತ್ತಿತ್ತು. ನಮ್ಮ ಕಡೆಯವನೊಬ್ಬ ಪರದೇಶದಲ್ಲಿ ಸಿಕ್ಕನಲ್ಲ ಅನ್ನುವ ಖುಷಿಯಲ್ಲಿ ಓದಲಿಲ್ಲ, ಅಷ್ಟೆ.

ಅವನ ಕತೆಯನ್ನು ಅವನ ಅಜ್ಜಿಯಿಂದಲೇ ಶುರುಮಾಡಬೇಕು. ಆ ಮುದುಕಿಗೆ ಹುಟ್ಟಿದ ಮಕ್ಕಳು ಉಳಿಯುತ್ತಿರಲಿಲ್ಲ. ತಿರುಪತಿ ತಿಮ್ಮಪ್ಪನಿಗೆ ಹರಕೆ ಹೊತ್ತ ಮೇಲೆ ಒಂದು ಗಂಡು ಉಳಿಯಿತು, ತಿಮ್ಮಪ್ಪ ಅಂತ ಹೆಸರಿಟ್ಟಳು. ಮೂರು ವರ್ಷಕ್ಕೆ ಇನ್ನೊಂದು ಗಂಡು ಹುಟ್ಟಿತು. ಬೇರೆ ಹೆಸರಿಟ್ಟರೆ ದೇವರು ಎಲ್ಲಿ ಮುನಿಸಿಕೊಳ್ಳುತ್ತಾನೋ ಎಂದು ಅದಕ್ಕೂ ತಿಮ್ಮಪ್ಪ ಅಂತಲೇ ಇಟ್ಟಳು. ಜನ ಗುರುತಿಗೆ ಒಬ್ಬನನ್ನು ದೊಡ್ಡತಿಮ್ಮಪ್ಪ, ಇನ್ನೊಬ್ಬನನ್ನು ಚಿಕ್ಕತಿಮ್ಮಪ್ಪ ಅಂದರು. ಇದರಿಂದ ಮತ್ತೋಡಿನಲ್ಲಿ ಯಾರಿಗೂ ತೊಂದರೆಯಾಗಲಿಲ್ಲ. ತೊಂದರೆಯಾಗಲು ಎಪ್ಪತ್ತು ವರ್ಷ ಹಿಡಿಯಿತು, ಅದೂ ಸಮುದ್ರದಾಚೆಯ ಒಂದು ಗಾಜಿನ ಕಿಟಕಿಯ ಮುಂದೆ.

ದೊಡ್ಡತಿಮ್ಮಪ್ಪನ ಹೆಂಡತಿ ಹೆಣ್ಣುಮಗು ಹೆತ್ತು ಹನ್ನೊಂದನೆಯ ದಿನಕ್ಕೆ ತೀರಿಕೊಂಡಳು. ಆಗಿನ್ನೂ ಮದುವೆಯಾಗಿ ಬಂದಿದ್ದ ಚಿಕ್ಕತಿಮ್ಮಪ್ಪನ ಹೆಂಡತಿ ಕಮಲಮ್ಮ ಆ ಮಗುವನ್ನು ಎತ್ತಿಕೊಂಡಳು, ಮೇಕೆ ಹಾಲು ಕುಡಿಸಿದಳು, ಚಂದ್ರಕ್ಕ ಅಂತ ಕರೆದಳು. ನಾಲ್ಕು ವರ್ಷಕ್ಕೆ ದೊಡ್ಡತಿಮ್ಮಪ್ಪನೂ ಹೋದ. ಆಮೇಲೆ ಚಂದ್ರಕ್ಕ ಕಮಲಮ್ಮನನ್ನು ಅವ್ವ ಅಂದಳು, ಚಿಕ್ಕಪ್ಪನನ್ನು ಅಪ್ಪ ಅಂದಳು. ಶಾಲೆಗೆ ಸೇರಿಸುವ ದಿನ ಮೇಷ್ಟ್ರು 'ತಂದೆ ಹೆಸರು?' ಅಂದರು. ಚಿಕ್ಕತಿಮ್ಮಪ್ಪ 'ತಿಮ್ಮಪ್ಪ' ಅಂದ. ಹೆತ್ತವನ ಹೆಸರು ಹೇಳಿದನೋ, ಸಾಕಿದವನ ಹೆಸರು ಹೇಳಿದನೋ, ಅವನಿಗೂ ಗೊತ್ತಿರಲಿಲ್ಲ. ಎರಡೂ ನಿಜವೇ ಆಗಿತ್ತು. ತಾಯಿಯ ಹೆಸರು ಕೇಳಿದಾಗ ಪಕ್ಕದಲ್ಲಿ ನಿಂತಿದ್ದ ಕಮಲಮ್ಮ ತನ್ನದನ್ನೇ ಹೇಳಿದಳು. ಸಾಕಿದ ಮಗುವಿಗೆ ನಮ್ಮ ಊರುಗಳಲ್ಲಿ ಯಾರು ಕಾಗದ ಪತ್ರ ಮಾಡಿಸುತ್ತಾರೆ?

ಚಂದ್ರಕ್ಕನಿಗೆ ಆರು ವರ್ಷವಾದಾಗ ಕಮಲಮ್ಮನ ಹೊಟ್ಟೆಯಲ್ಲಿ ಪರಮೇಶ್ ಹುಟ್ಟಿದ. ಅವ್ವ ಕೂಲಿಗೆ ಹೋದರೆ ಅವನು ಅಕ್ಕನ ಸೊಂಟದ ಮೇಲೆ. ಅಕ್ಕ ಶಾಲೆಗೆ ಹೋದರೆ ಅಲ್ಲಿಗೂ ಹೋಗಿ ಬಾಗಿಲ ಬಳಿ ಕೂತು ಬಳಪ ತಿನ್ನುತ್ತಿದ್ದ. ಅವನಿಗೆ ಬುದ್ಧಿ ಬಂದಾಗ ಯಾರೋ ಸಂಬಂಧ ಬಿಡಿಸಿ ಹೇಳಿದರು. ಕೇಳಿಸಿಕೊಂಡ, ಮರೆತ. ದೊಡ್ಡಪ್ಪನ ಮಗಳಾದರೂ ಅಕ್ಕ, ಅಪ್ಪನ ಮಗಳಾದರೂ ಅಕ್ಕ. ನಮ್ಮ ಭಾಷೆಯಲ್ಲಿ ಅದಕ್ಕೆ ಬೇರೆ ಪದವೇ ಇಲ್ಲದ ಮೇಲೆ ಅವನು ನೆನಪಿಟ್ಟುಕೊಂಡು ಏನು ಮಾಡಬೇಕಿತ್ತು?

ಚಂದ್ರಕ್ಕ ಚಿತ್ರದುರ್ಗದಲ್ಲಿ ನರ್ಸಿಂಗ್ ಓದಿದಳು. ಕೆಲಸಕ್ಕೆ ಬೆಂಗಳೂರು, ಅಲ್ಲಿಂದ ಅಮೆರಿಕ. ಮದುವೆಯಾಗಲಿಲ್ಲ. ಕೇಳಿದರೆ 'ಒಬ್ಬ ಗಂಡುಮಗನ್ನ ಸೊಂಟದ ಮ್ಯಾಲೆ ಹೊತ್ತು ಸಾಕಾಗೈತೆ' ಅಂತ ನಗುತ್ತಿದ್ದಳು. ಅಲ್ಲಿನ ಪ್ರಜೆಯಾದ ವರ್ಷವೇ, ಅಂದರೆ ಎರಡು ಸಾವಿರದ ಆರರಲ್ಲಿ, ತಮ್ಮನನ್ನೂ ಅವನ ಸಂಸಾರವನ್ನೂ ಕಾಯಂ ಆಗಿ ಕರೆಸಿಕೊಳ್ಳಲು ಅರ್ಜಿ ಹಾಕಿದಳು. ಹೊಸದುರ್ಗದ ತಾಲ್ಲೂಕು ಕಚೇರಿಗೆ ಅಲೆದು ಕಾಗದ ಕೂಡಿಸಿದವನು ಪರಮೇಶ್. ಅಕ್ಕ ತಮ್ಮ ಇಬ್ಬರ ಶಾಲಾ ದಾಖಲೆಗಳಲ್ಲೂ ತಂದೆ ತಿಮ್ಮಪ್ಪ, ತಾಯಿ ಕಮಲಮ್ಮ. ಜೊತೆಗೆ ಕಮಲಮ್ಮನ ಅಫಿಡವಿಟ್ಟು. ನೋಟರಿ ಓದಿ ಹೇಳಿದಾಗ ಕಮಲಮ್ಮ ಅಂದದ್ದು ಒಂದೇ ಮಾತು: "ಇಬ್ರೂ ನನ್ನ ಮಕ್ಳೇ ಕಣಪ್ಪ, ಎಲ್ಲಿ ಒತ್ಬೇಕು ಹೆಬ್ಬೆಟ್ಟು?"

ಮೋಸ ಮಾಡುತ್ತಿದ್ದೇವೆ ಅಂತ ಒಬ್ಬರಿಗೂ ಅನ್ನಿಸಲಿಲ್ಲ. ಅರ್ಜಿ ಮಂಜೂರಾಯಿತು. ಆದರೆ ಸರದಿ ಬರಬೇಕಲ್ಲ. ಬರುತ್ತದೆ, ಬರುತ್ತದೆ ಅಂತ ಹತ್ತೊಂಬತ್ತು ವರ್ಷ ಕಳೆಯಿತು.

ಆ ಹತ್ತೊಂಬತ್ತರಲ್ಲಿ ಹದಿನಾರು ವರ್ಷ ಪರಮೇಶ್ ಅಬುಧಾಬಿಯಲ್ಲಿದ್ದ. ಹೊಸದುರ್ಗದ ಕಾಟಲಿಂಗಪ್ಪನ ಅಂಗಡಿಯಲ್ಲಿ ಬೋರ್‌ವೆಲ್ ಮೋಟರು ಸುತ್ತಿ ಕಲಿತ ವಿದ್ಯೆಯನ್ನು ಅಲ್ಲಿ ಮುಸಫ್ಫಾ ಎಂಬ ಕಾರ್ಖಾನೆಗಳ ಬಡಾವಣೆಯ ವರ್ಕ್‌ಶಾಪಿನಲ್ಲಿ ಮಾರಿಕೊಂಡ. ಹೆಂಡತಿ ಯಶೋಧಾ ಹೊಳಲ್ಕೆರೆಯವಳು, ನೇರ ಮಾತಿನ ಹೆಂಗಸು. ಅವನು ವಿಮಾನ ಹತ್ತಿದಾಗ ಮಗಳು ರಮ್ಯಾಗೆ ಎರಡು ವರ್ಷ. ತಾಯಿ ಮಗಳು ಹೊಸದುರ್ಗದಲ್ಲಿ ಬಾಡಿಗೆ ಮನೆ ಮಾಡಿಕೊಂಡಿದ್ದರು. ಎರಡು ವರ್ಷಕ್ಕೊಮ್ಮೆ ಎರಡು ತಿಂಗಳು ಅವನು ಬರುತ್ತಿದ್ದ. ಮೊದಲ ವಾರ ಮಗಳು ನಾಚಿಕೊಂಡು ದೂರ ನಿಲ್ಲುತ್ತಿದ್ದಳು, ಕೊನೆಯ ವಾರ ಅಳುತ್ತಿದ್ದಳು. ಮಧ್ಯದ ಆರು ವಾರ ಮಾತ್ರ ಅವನು ಅಪ್ಪ. ಮೂವರೂ ಒಂದೇ ಸೂರಿನಡಿ ಬದುಕಬೇಕು ಅನ್ನುವುದೊಂದೇ ಅವನ ಆಸೆ. ಅಮೆರಿಕವೆಂದರೆ ಅವನಿಗೆ ಅಷ್ಟೇ ಅರ್ಥ. ಅಕ್ಕನ ಮನೆ, ಮೂರು ಊಟದ ತಟ್ಟೆ, ಜೊತೆಗೆ ಅಕ್ಕನದೊಂದು.

ಎರಡು ಸಾವಿರದ ಇಪ್ಪತ್ತೈದರಲ್ಲಿ ಸರದಿ ಬಂತು. ಸಂದರ್ಶನ ಮುಂಬೈಯ ಕಾನ್ಸುಲೇಟಿನಲ್ಲಿ. ಚಂದ್ರಕ್ಕ ಫೋನು ಮಾಡಿ ಹೇಳಿದಳು:

"ರಜೆ ಹಾಕಿ ಊರಿಗೆ ಬಾ. ಯಶೋಧಾನ್ನ, ಮಗೀನ ಕರ್ಕಂಡು ಮುಂಬೈಗೆ ಹೋಗು. ಬ್ಯಾರೆ ಏನೂ ಮುಟ್ಟಾಕೆ ಹೋಗ್ಬ್ಯಾಡ."

"ಆಯ್ತಕ್ಕ," ಅಂದ ಪರಮೇಶ್.

ಆದರೆ ಮನಸ್ಸು ಕೇಳಬೇಕಲ್ಲ. ಬೇರೆ ದೇಶದಲ್ಲಿ ವಾಸವಿರುವವರು ಕೇಳಿಕೊಂಡರೆ ಸಂದರ್ಶನವನ್ನು ಆ ದೇಶದ ಅಮೆರಿಕನ್ ಎಂಬಸಿಗೆ ವರ್ಗ ಮಾಡಿಕೊಡುತ್ತಾರೆ ಅಂತ ವರ್ಕ್‌ಶಾಪಿನಲ್ಲಿ ಯಾರೋ ಹೇಳಿದರು. ಹುಳ ಹೊಕ್ಕಿತು. ಹೆಂಡತಿ ಮಗಳನ್ನು ಅಬುಧಾಬಿಗೇ ಕರೆಸಿಕೊಂಡರೆ? ಹದಿನಾರು ವರ್ಷದಲ್ಲಿ ಒಮ್ಮೆಯೂ ಅವರನ್ನು ಅಲ್ಲಿಗೆ ಕರೆಸಲು ಅವನಿಗೆ ಆಗಿರಲಿಲ್ಲ. ತಾನು ಮಲಗುವ ಮಂಚ, ತಿನ್ನುವ ಹೋಟೆಲು, ಸಂಜೆ ಹೋಗಿ ಕೂರುವ ಸಮುದ್ರದ ದಡ, ಯಾವುದನ್ನೂ ಅವರು ನೋಡಿರಲಿಲ್ಲ. ಇನ್ನು ಅಮೆರಿಕಕ್ಕೆ ಹೋದರೆ ಈ ಹದಿನಾರು ವರ್ಷ ಯಾರೂ ನೋಡದೆ ಮುಗಿದೇ ಹೋಗುತ್ತದೆ. ಒಂದು ತಿಂಗಳು ಇಲ್ಲಿದ್ದು ಹೋಗಲಿ ಅಂತ ಅವನಿಗೆ ಆಸೆಯಾಯಿತು. ಅಕ್ಕನಿಗೆ ಮಾತ್ರ 'ರಜೆ ಸಿಗಾದು ಕಷ್ಟ' ಅಂತ ಸುಳ್ಳು ಹೇಳಿದ. ಅವಳ ಹತ್ತಿರ ಅವನು ಹೇಳಿದ ದೊಡ್ಡ ಸುಳ್ಳು ಅದೊಂದೇ ಇರಬೇಕು.

ವರ್ಗಾವಣೆಗೆ ಒಂದು ಪತ್ರ ಬೇಕಿತ್ತು. ತಾನು ಯಾರು, ಎಲ್ಲಿದ್ದೇನೆ, ಅರ್ಜಿ ಹಾಕಿದವರು ಯಾರು, ಮುಂಬೈ ಯಾಕೆ ಬೇಡ, ಎಲ್ಲ ಬರೆದು ಕೊಡಬೇಕು. ಆ ದೇಶದಲ್ಲಿ ಇಂಥ ಅರ್ಜಿ ಬರೆದುಕೊಡುವ ಟೈಪಿಂಗ್ ಸೆಂಟರುಗಳು ಬೀದಿಗೆರಡು ಇರುತ್ತವೆ. ಪರಮೇಶ್ ಒಂದರ ಬಾಗಿಲು ತಳ್ಳಿದ. ಒಳಗೆ ಕಂಪ್ಯೂಟರಿನ ಮುಂದೆ ಕೂತವನು ಫೋನಿನಲ್ಲಿ 'ಹೂನಮ್ಮ, ಮುದ್ದೆ ಎಲ್ಲೈತೆ ಇಲ್ಲಿ, ಅನ್ನನೇ ಉಂಡೆ' ಅನ್ನುತ್ತಿದ್ದ.

ಪರಮೇಶನ ಕಿವಿ ಅರಳಿತು.

"ಯಾವೂರಪ್ಪ ನಿಂದು?"

"ಹಿರಿಯೂರು ಅಣ್ಣ. ರಂಗೇಶ ಅಂತ. ನಿಮ್ದು?"

"ಮತ್ತೋಡು ಕಣೋ! ಹೊಸದುರ್ಗದ ಮತ್ತೋಡು!"

"ಅಯ್ಯೋ, ಕುಂತ್ಕಳ್ರಿ ಅಣ್ಣ, ಕುಂತ್ಕಳ್ರಿ. ಚಾ ತರಿಸ್ತೀನಿ."

ಚಹಾ ಬಂತು. ಮಾರಿಕಣಿವೆ ಅಣೆಕಟ್ಟು ಮತ್ತೆ ಕೋಡಿ ಬಿದ್ದ ಸುದ್ದಿ ಬಂತು. ರಂಗೇಶನ ಚಿಕ್ಕಮ್ಮನನ್ನು ಹೊಸದುರ್ಗದ ಕಡೆಯ ಶ್ರೀರಾಂಪುರಕ್ಕೆ ಕೊಟ್ಟಿದೆ ಅನ್ನುವುದು ತಿಳಿಯಿತು. ಅರ್ಧ ಗಂಟೆಯಲ್ಲಿ ಇಬ್ಬರೂ ನೆಂಟರಾದರು. ಆಮೇಲೆ ರಂಗೇಶ ಕೀಲಿಮಣೆಯ ಮೇಲೆ ಕೈಯಿಟ್ಟ.

"ಯಾರಣ್ಣ ನಿಮ್ಮನ್ನ ಅಮೆರಿಕಕ್ಕೆ ಕರೆಸ್ಕಳ್ತಿರೋದು?"

"ನಮ್ಮಕ್ಕ."

"ಸ್ವಂತ ಅಕ್ಕನಾ?"

ಎದುರಿಗೆ ಕೂತವನು ಬೇರೆ ಭಾಷೆಯವನಾಗಿದ್ದರೆ ಪರಮೇಶ್ ತಲೆಯಾಡಿಸಿ ಸುಮ್ಮನಾಗುತ್ತಿದ್ದ. ಹದಿನಾರು ವರ್ಷ ಹಿಂದಿಯಲ್ಲಿ ಒಂದೊಂದೇ ಪದ ಎಣಿಸಿ ಆಡಿದವನು ಅವನು. ಆದರೆ ಇದು ಕನ್ನಡ. ಅದರಲ್ಲೂ ಚಿತ್ರದುರ್ಗದ ಸೀಮೆಯ ಕನ್ನಡ. ಅಕ್ಕನನ್ನು ಹೊಗಳಬೇಕು ಅನ್ನಿಸಿತು.

"ಸ್ವಂತಕ್ಕಿಂತ ಹೆಚ್ಚು ಕಣಪ್ಪ. ನಮ್ಮ ದೊಡ್ಡಪ್ಪನ ಮಗ್ಳು. ಹಂಗಂತ ಯಾರ್ ಹೇಳ್ತಾರೆ? ನಮ್ಮವ್ವನೇ ಸಾಕಿದ್ದು. ನನ್ನನ್ನ ಸೊಂಟದ ಮ್ಯಾಲೆ ಹೊತ್ಕಂಡು ಸಾಲಿಗೆ ಹೋಗ್ತಿದ್ಲು..."

ರಂಗೇಶ ಒಳ್ಳೆಯ ಕೆಲಸಗಾರ, ಅದೇ ಬಂದ ತೊಂದರೆ. ಕೇಳಿದ್ದನ್ನು ಸರಿಯಾಗಿಯೇ ಬರೆಯಬೇಕು ಅನ್ನುವವನು.

"ಇಂಗ್ಲಿಷ್‌ನಾಗೆ ಅದಕ್ಕೆ ಕಸಿನ್ ಸಿಸ್ಟರ್ ಅಂತಾರೆ ಅಣ್ಣ. ಹಂಗೇ ಹಾಕ್ಲಾ?"

"ಸಿಸ್ಟರ್ ಅಂತ ಐತಲ್ಲ, ಹಾಕಪ್ಪ," ಅಂದ ಪರಮೇಶ್.

ತಂದೆಯ ಅಣ್ಣನ ಮಗಳು ಅಂತಲೂ ರಂಗೇಶ ಬಿಡಿಸಿ ಟೈಪು ಮಾಡಿದ್ದ ಕಾಗದಕ್ಕೆ ಓದದೆ ಸಹಿ ಹಾಕಿದ. ಊರಿಗೆ ಬಂದಾಗ ಹಿರಿಯೂರಿನ ಮನೆಗೆ ಬರಲೇಬೇಕು ಅಂತ ಮಾತು ಕೊಟ್ಟ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅಂತಾರೆ. ಒಡೆದದ್ದು ಅವನಿಗೆ ಕೇಳಿಸಲೂ ಇಲ್ಲ.

ವರ್ಗಾವಣೆ ಸಲೀಸಾಗಿ ಆಯಿತು. ಯಶೋಧಾ ಹೊರಡುವ ಮುಂಚೆ ಹಾಲುರಾಮೇಶ್ವರಕ್ಕೆ ಹೋಗಿ ಕೊಳದ ಮುಂದೆ ಕೈಮುಗಿದು ಕೂತಳು. ಅಂದುಕೊಂಡದ್ದು ಆಗುವುದಿದ್ದರೆ ಅಲ್ಲಿ ಗಂಗಮ್ಮ ನೀರಿನಡಿಯಿಂದ ಏನಾದರೂ ಮೇಲಕ್ಕೆ ಕಳಿಸುತ್ತಾಳೆ ಅನ್ನುವುದು ನಂಬಿಕೆ, ಯಶೋಧಾಗೆ ಬಾಳೆಹಣ್ಣು ತೇಲಿಬಿಟ್ಟಳಂತೆ. ಅದನ್ನು ಮೂರು ಪಾಲು ಮಾಡಿ ಒಂದು ಪಾಲನ್ನು ಗಂಡನಿಗೆಂದು ಡಬ್ಬಿಯಲ್ಲಿ ತಂದಿದ್ದಳು. ಅಬುಧಾಬಿಗೆ ಬರುವ ಹೊತ್ತಿಗೆ ಕಪ್ಪಾಗಿತ್ತು. ಪರಮೇಶ್ ಕಣ್ಣಿಗೊತ್ತಿಕೊಂಡು ತಿಂದ.

ಆ ಒಂದು ತಿಂಗಳು ಅವನ ಬಾಳಿನಲ್ಲೇ ಚೆಂದದ ತಿಂಗಳು. ಗೆಳೆಯರು ಬೇರೆ ಕಡೆ ಮಲಗಿ ಕೋಣೆ ಬಿಟ್ಟುಕೊಟ್ಟಿದ್ದರು. ಕೆಲಸ ಮುಗಿಸಿ ಬಂದರೆ ಬಾಗಿಲ ಹೊರಗೆ ಎರಡು ಜೊತೆ ಹೆಣ್ಣುಮಕ್ಕಳ ಚಪ್ಪಲಿ ಇರುತ್ತಿದ್ದವು. ಅವನು ಒಳಗೆ ಹೋಗುವ ಮುಂಚೆ ಅವನ್ನು ಸುಮ್ಮನೆ ನೋಡುತ್ತಿದ್ದ. ರಮ್ಯಾ ಸಮುದ್ರಕ್ಕೆ ಕಾಲಿಟ್ಟು ಕಿರುಚಿದಳು. ಯಶೋಧಾ ಅವನ ಮಂಚ ನೋಡಿ 'ಇದ್ರ ಮ್ಯಾಲೆ ಹೆಂಗ್ ಮಕ್ಕಂತೀರಿ ನೀವು' ಅಂತ ಬೈದಳು. ಹದಿನಾರು ವರ್ಷಕ್ಕೆ ಸರಿಯಾಗಿ ಬೈಗುಳ ಬಿತ್ತು ಅಂತ ಅವನಿಗೆ ಖುಷಿಯಾಯಿತು.

ಸಂದರ್ಶನದ ದಿನ ಮೂವರೂ ಗಾಜಿನ ಕಿಟಕಿಯ ಮುಂದೆ ನಿಂತು ಬಲಗೈ ಎತ್ತಿ ನಿಜವನ್ನೇ ಹೇಳುತ್ತೇವೆ ಅಂತ ಪ್ರಮಾಣ ಮಾಡಿದರು. ಒಳಗಿದ್ದ ಅಧಿಕಾರಿ ಚಿಕ್ಕ ವಯಸ್ಸಿನ ಹೆಂಗಸು. ನಗುಮುಖ, ಮೆತ್ತಗಿನ ಹಿಂದಿ. ಅವಳ ಕೈಯಲ್ಲಿ ರಂಗೇಶ ಟೈಪು ಮಾಡಿದ ಪತ್ರವಿತ್ತು.

"ಇದು ನಿಮ್ಮ ಸಹಿಯೇ?"

"ನನ್ನದೇ ಮೇಡಂ."

"ಚಂದ್ರಕ್ಕ ನಿಮ್ಮ ತಂದೆಯ ಮಗಳೋ, ತಂದೆಯ ಅಣ್ಣನ ಮಗಳೋ?"

ಪರಮೇಶನಿಗೆ ಪ್ರಶ್ನೆಯ ಆಳ ತಿಳಿಯಲಿಲ್ಲ. ಅವಳೇ ಶಾಲಾ ದಾಖಲೆ ತೋರಿಸಿ ಬಿಡಿಸಿ ಕೇಳಿದಳು. "ಎರಡರಲ್ಲೂ ತಂದೆ ತಿಮ್ಮಪ್ಪ ಅಂತಿದೆ. ಇವರು ಒಬ್ಬರೋ ಇಬ್ಬರೋ?"

ಆಗ ತಿಳಿಯಿತು. ಒಂದು ಪದ ಹೇಳಿದರೆ ಸಾಕಿತ್ತು, 'ಒಬ್ಬರು.' ಪಕ್ಕದಲ್ಲಿ ಹದಿನೆಂಟು ವರ್ಷದ ಮಗಳು ಇನ್ನೂ ಪ್ರಮಾಣದ ಗಾಂಭೀರ್ಯದಲ್ಲೇ ಅಪ್ಪನ ಮುಖ ನೋಡುತ್ತ ನಿಂತಿದ್ದಳು.

"ಇಬ್ಬರು ಮೇಡಂ," ಅಂದ ಪರಮೇಶ್. "ಒಬ್ಬರು ದೊಡ್ಡವರು, ಒಬ್ಬರು ಚಿಕ್ಕವರು."

ಅಧಿಕಾರಿ ಬೇಸರದಿಂದಲೇ ವಿವರಿಸಿದಳು. ಒಡಹುಟ್ಟಿದವರಿಗೆ ಮಾತ್ರ ಈ ವೀಸಾ. ತಂದೆಯೋ ತಾಯಿಯೋ ಒಬ್ಬರಾದರೂ ಒಂದೇ ಆಗಿರಬೇಕು. ಚಿಕ್ಕಂದಿನಲ್ಲೇ ಕಾನೂನಿನ ಪ್ರಕಾರ ದತ್ತು ತೆಗೆದುಕೊಂಡ ಕಾಗದವಿದ್ದರೂ ಆಗುತ್ತಿತ್ತು, ಇದೆಯೇ? ಇರಲಿಲ್ಲ. ವೀಸಾ ಇಲ್ಲವೆಂಬ ಒಂದು ಹಾಳೆ ಕೊಟ್ಟು, ಅರ್ಜಿಯನ್ನು ರದ್ದು ಮಾಡುವುದಕ್ಕೆ ಅಮೆರಿಕಕ್ಕೆ ವಾಪಸು ಕಳಿಸುತ್ತೇವೆ ಅಂದಳು.

ಮೂವರೂ ಬಸ್ಸು ಹತ್ತಿದರು. ಮುಸಫ್ಫಾ ಹತ್ತಿರ ಬರುವಾಗ ರಮ್ಯಾ ಕೇಳಿದಳು: "ಅಪ್ಪ, ಹಂಗಾದ್ರೆ ಅತ್ತೆ ನಮ್ಗೆ ಏನೂ ಆಗಲ್ವಾ?"

"ಆಗ್ತಾಳಮ್ಮ. ಯಾಕ್ ಆಗಲ್ಲ?" ಅಂದ. ಅವನ ದನಿ ಅವನಿಗೇ ಸರಿಯಾಗಿ ಕೇಳಿಸಲಿಲ್ಲ.

ಯಶೋಧಾ ಬೈಯುತ್ತಾಳೆ ಅಂತ ಕಾದ. ಬೈಯಲಿಲ್ಲ. ಊರಿಗೆ ಹೊರಡುವ ದಿನ ಪೆಟ್ಟಿಗೆ ಕಟ್ಟುತ್ತ "ಒಂದು ತಿಂಗ್ಳು ಜೊತೆಗಿದ್ವಲ್ಲ, ಬಿಡ್ರಿ," ಅಂದಳು. ಬೈದಿದ್ದರೇ ಚೆನ್ನಾಗಿರುತ್ತಿತ್ತು. ಅವರು ಹೋದ ಮೇಲೆ ಬಾಗಿಲ ಹೊರಗೆ ಚಪ್ಪಲಿಗಳಿದ್ದ ಜಾಗ ದಾಟಿ ಒಳಗೆ ಹೋಗಲು ಅವನಿಗೆ ಬಹಳ ದಿನ ಕಷ್ಟವಾಯಿತು. ತಾನೇ ಇರಲಾರದೆ ಇರುವೆ ಬಿಟ್ಟುಕೊಂಡೆನಲ್ಲ ಅಂತ ಹಲ್ಲು ಕಚ್ಚುತ್ತಿದ್ದ. ಮುಂಬೈಗೇ ಹೋಗಿದ್ದರೆ ಆ ಪತ್ರವೇ ಹುಟ್ಟುತ್ತಿರಲಿಲ್ಲ. ಪತ್ರವಿಲ್ಲದಿದ್ದರೆ ಆ ಪ್ರಶ್ನೆಯೂ ಹುಟ್ಟುತ್ತಿರಲಿಲ್ಲ. ರಂಗೇಶನ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದ, ಬರಲಿಲ್ಲ. ಆ ಹುಡುಗ ತಾನು ಹೇಳಿದ್ದನ್ನೇ ಬರೆದಿದ್ದ.

ಅಕ್ಕನಿಗೆ ಎಲ್ಲವನ್ನೂ ಹೇಳಿದ್ದ, ಪತ್ರ ಬರೆಸಿದ್ದು, ರಂಗೇಶ ಕೇಳಿದ್ದು, ತಾನು ಅಂದದ್ದು. ಅವಳು ಕೇಳಿಸಿಕೊಂಡು 'ಹೋಗ್ಲಿ ಬಿಡು' ಅಂದಿದ್ದಳು. ಏಳೆಂಟು ತಿಂಗಳು ಕಳೆದ ಮೇಲೆ ಅವಳಿಗೊಂದು ಸರ್ಕಾರಿ ಕಾಗದ ಬಂತು. ಪರಮೇಶ್ ನಿಮ್ಮ ತಮ್ಮನಲ್ಲವೆಂದು ತಿಳಿದುಬಂದಿದೆ, ಅರ್ಜಿ ರದ್ದು ಮಾಡುತ್ತಿದ್ದೇವೆ, ಹೇಳುವುದೇನಾದರೂ ಇದ್ದರೆ ಒಂದು ತಿಂಗಳೊಳಗೆ ಬರೆದು ಕಳಿಸಿ. ಅಲ್ಲಿನ ವಕೀಲ ದಾರಿ ಹೇಳಿಕೊಟ್ಟ. ಅರ್ಜಿ ಉಳಿಯುವುದಿಲ್ಲ. ಆದರೆ ಬೇಕೆಂದು ಮೋಸ ಮಾಡಿದ್ದಲ್ಲ ಅಂತ ದಾಖಲಾಗುವುದು ಒಳ್ಳೆಯದು. 'ಪರಮೇಶ್ ನನ್ನ ತಮ್ಮನಲ್ಲ, ಚಿಕ್ಕಪ್ಪನ ಮಗ, ತಿಳಿಯದೆ ತಪ್ಪಾಯಿತು' ಅಂತ ನಾಲ್ಕು ಸಾಲು ಬರೆದು ಸಹಿ ಮಾಡಿ.

ಚಂದ್ರಕ್ಕ ಇದನ್ನು ಫೋನಿನಲ್ಲಿ ಓದಿ ಹೇಳಿದಾಗ ಪರಮೇಶ್ "ಬರ್ದು ಕಳಿಸ್ಬಿಡಕ್ಕ, ನಿನಗೆ ತೊಂದ್ರೆ ಆಗ್ಬಾರ್ದು," ಅಂದಿದ್ದ. ಅವಳು ಹೂಂ ಅನ್ನಲೂ ಇಲ್ಲ, ಉಹೂಂ ಅನ್ನಲೂ ಇಲ್ಲ.

ತಿಂಗಳು ಕಳೆದ ಮೇಲೆ, ರಜೆಯ ದಿನವೊಂದರ ಮಧ್ಯಾಹ್ನ, ಅವಳ ಫೋನು ಬಂತು. ಪರಮೇಶ್ ಮಂಚದ ಮೇಲೆ ಕೂತು ಬಟ್ಟೆ ಮಡಿಸುತ್ತಿದ್ದ.

"ಗಡುವು ನಿನ್ನೆಗೆ ಮುಗೀತು ಪರಮೇಶಿ. ಬರೀಲಿಲ್ಲ ನಾನು."

"ಯಾಕಕ್ಕ?"

"ಕುಂತಿದ್ದೆ ಬರೆಯಾಕೆ. ಮೂರು ಸರ್ತಿ ಕುಂತೆ. ನನ್ನ ತಮ್ಮ ಅಲ್ಲ ಅಂತ ನನ್ನ ಕೈಲೇ ಹೆಂಗ್ ಬರೀಲೋ? ಅವ್ವ ಇಬ್ರೂ ನನ್ನ ಮಕ್ಳೇ ಅಂತ ಹೆಬ್ಬೆಟ್ಟು ಒತ್ತವ್ಳೆ. ಅವ್ಳನ್ನ ಸುಳ್ಳಿ ಮಾಡ್ಲಾ? ಏನಾರ ಅನ್ಕಳ್ಳಿ ಅವ್ರು."

ಪರಮೇಶ್ ಮಡಿಸುತ್ತಿದ್ದ ಅಂಗಿಯನ್ನು ಕೆಳಗಿಟ್ಟ. ತಪ್ಪಾಯ್ತಕ್ಕ ಅನ್ನಲು ಬಾಯಿ ತೆರೆದ. ಅಷ್ಟರಲ್ಲಿ ಅವಳೇ ಮುಂದುವರಿಸಿದಳು. ದನಿ ಬೇರೆಯಾಗಿತ್ತು, ಚಿಕ್ಕದಾಗಿತ್ತು.

"ಒಂದ್ ಮಾತು ಕೇಳ್ತೀನಿ, ಬ್ಯಾಜಾರ್ ಮಾಡ್ಕಬ್ಯಾಡ. ಆ ಹಿರಿಯೂರಿನ ಹುಡುಗ ಸ್ವಂತ ಅಕ್ಕನಾ ಅಂತ ಕೇಳ್ದಾಗ ನೀನು ಹೂಂ ಅನ್ಬೌದಿತ್ತಲ್ಲ. ಅಮೆರಿಕಕ್ಕೋಸ್ಕರ ಕೇಳ್ತಿಲ್ಲ ಕಣೋ. ಸುಮ್ನೆ ಕೇಳ್ತಿದೀನಿ. ಯಾಕ್ ಅನ್ಲಿಲ್ಲ?"

ಹೊಗಳುವುದಕ್ಕೆ ಹಾಗಂದೆ ಅಂತ ಹೇಳಬೇಕು ಅನ್ನಿಸಿತು. ಊರಿನವನು ಸಿಕ್ಕಿದ್ದ ಅಂತ ಹೇಳಬೇಕು ಅನ್ನಿಸಿತು. ಎಲ್ಲವೂ ನಿಜವೇ, ಆದರೆ ಯಾವುದೂ ಅವಳು ಕೇಳಿದ್ದಕ್ಕೆ ಉತ್ತರವಾಗಿರಲಿಲ್ಲ. ಆ ಕಡೆ ಅಕ್ಕ ಕಾಯುತ್ತಿದ್ದಳು.

"ಹೂಂ," ಅಂದ ಪರಮೇಶ್. "ಸ್ವಂತ ಅಕ್ಕನೇ."

ಅದನ್ನು ಹೇಳಬೇಕಾಗಿದ್ದ ದಿನ ಕಳೆದು ಒಂದು ವರ್ಷವಾಗಿತ್ತು.